ಲಗ್ನಪತ್ರಿಕೆ ಅಂಗಡಿಯಲ್ಲಿ ಕರೆಂಟ್ ಪಟ್ಟಿ: ಕಲಬುರಗಿಯ ಒಬ್ಬ ಸ್ಕ್ರೀನ್ ಪ್ರಿಂಟರ್ ಬಗ್ಗೆ

ಬಿಸಿಯಿಂದ ಕರೆಂಟ್ ತೆಗೆಯುವ ಪುಡಿಯ ಇಂಕನ್ನು ಪಟ್ಟಿಯ ಮೇಲೆ ಪ್ರಿಂಟ್ ಮಾಡಿಕೊಟ್ಟ ಅಂಗಡಿಗೆ ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಡಿಮೆ ಅಂತ ಮುಂದೆ ಹೇಳುತ್ತೇನೆ.

ಕಲಬುರಗಿಯ ನೆಹರು ಗಂಜ್ ಕಡೆ ಹೋದರೆ ಬೇಳೆ ಮಿಲ್ಲುಗಳನ್ನೇ ನಂಬಿಕೊಂಡ ಸಣ್ಣಪುಟ್ಟ ಕಸುಬುಗಳು ಬಹಳ ಸಿಗುತ್ತವೆ. ಚೀಲ ಹೊಲಿಯುವವರು, ತಕ್ಕಡಿ ರಿಪೇರಿಯವರು, ಚೌಕಟ್ಟಿಗೆ ಕಟ್ಟಿದ ಜಾಲರಿ ಬಟ್ಟೆಯಿಂದ ಇಂಕು ಇಳಿಸಿ ಚೀಲದ ಮೇಲೆ ಮಿಲ್ಲಿನ ಹೆಸರು ಹೊಡೆಯುವ ಸ್ಕ್ರೀನ್ ಪ್ರಿಂಟಿಂಗ್‌ನವರು. ನಾನು ಬರೆಯುತ್ತಿರುವುದು ಅಂಥದ್ದೇ ಒಂದು ಅಂಗಡಿಯ ಬಗ್ಗೆ. ತೊಗರಿ ಬೇಳೆ ಚೀಲ, ಲಗ್ನಪತ್ರಿಕೆ, ಜಾತ್ರೆಯ ಕೈಚೀಲ, ಟೀ ಶರ್ಟ್, ಎಲ್ಲಾ ಮಾಡುತ್ತಾರೆ. ಮಾಲೀಕರನ್ನು ಸುತ್ತಮುತ್ತ ಎಲ್ಲರೂ ಕಾಕಾ ಅಂತಾರೆ. ನನ್ನ ವಿದ್ಯಾರ್ಥಿಗಳೂ ಹಾಗೇ ಕರೆಯುತ್ತಾರೆ. ಅಂಗಡಿ ಹೆಸರು ಹಾಕಬೇಡಿ ಅಂತ ಅವರೇ ಹೇಳಿದ್ದಾರೆ. "ಲಗ್ನದ ಟೈಮಿನ್ಯಾಗ ಇನ್ನೊಬ್ಬರು ಇಂಥಾದ್ದೇ ಪುಡಿ ಹಿಡ್ಕೊಂಡು ಬಂದ್ರ ನಾ ಏನ್ ಮಾಡ್ಲಿರಿ ಮೇಡಂ?" ಅನ್ನುವುದು ಅವರ ವಾದ. ನ್ಯಾಯವೇ.

ನಾನು ಇಲ್ಲಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಫಿಸಿಕ್ಸ್ ಲ್ಯಾಬ್ ನೋಡಿಕೊಳ್ಳುವವಳು. ಕೊನೇ ವರ್ಷದ ಹುಡುಗರು ಒಂದು ಪ್ರಾಜೆಕ್ಟ್ ಆರಿಸಿಕೊಂಡಿದ್ದರು. ಬಿಸಿಯಿಂದ ಕರೆಂಟ್ ತೆಗೆಯುವ, ಬಟ್ಟೆಯ ಹಾಗೆ ಬಾಗುವ ಪಟ್ಟಿ ಪ್ರಿಂಟ್ ಮಾಡುವುದು. ಕಾಲೇಜಿನಲ್ಲಿ ಒಲೆ ಇದೆ, ಮೀಟರ್ ಇದೆ, ಪುಡಿ ಅರೆಯುವ ಬಾಲ್ ಮಿಲ್ ಇದೆ. ಪ್ರಿಂಟ್ ಮಾಡುವ ಕೈ ಇಲ್ಲ. ಆನ್‌ಲೈನ್‌ನಲ್ಲಿ ಸರ್ಕ್ಯೂಟ್ ಬೋರ್ಡ್ ಮಾಡಿಕೊಡುವವರನ್ನು ಕೇಳಿದೆವು. ಪುಡಿ ಬೆರೆಸಿದ ನಮ್ಮ ಇಂಕು ಅವರ ಮೆಷಿನ್‌ಗೆ ಹಾಕುವುದಿಲ್ಲ ಅಂದರು. ಅವರದ್ದೂ ತಪ್ಪಲ್ಲ, ಗೊತ್ತಿಲ್ಲದ ಪುಡಿಯನ್ನು ಯಾರು ತಮ್ಮ ಮೆಷಿನ್‌ಗೆ ಬಿಟ್ಟುಕೊಳ್ಳುತ್ತಾರೆ?

ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಎರಡು ಬೇರೆ ಬೇರೆ ಲೋಹಗಳನ್ನು ಬಳೆಯಂತೆ ಜೋಡಿಸಿ, ಒಂದು ಜೋಡಣೆಯನ್ನು ಬಿಸಿ ಮಾಡಿ ಇನ್ನೊಂದನ್ನು ತಣ್ಣಗಿಟ್ಟರೆ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗುತ್ತದೆ ಅಂತ 1821ರಲ್ಲಿ ಕಂಡವರು ಥಾಮಸ್ ಯೋಹಾನ್ ಸೀಬೆಕ್. ಅವರು ಅದನ್ನು ಆಯಸ್ಕಾಂತದ ಆಟ ಅಂದುಕೊಂಡರು. ನಿಜವಾಗಿ ಅಲ್ಲಿ ಹರಿಯುತ್ತಿದ್ದದ್ದು ಕರೆಂಟ್. 1977ರಲ್ಲಿ ಹಾರಿದ ವಾಯೇಜರ್ ಗಗನನೌಕೆಗಳಿಗೆ ಕರೆಂಟ್ ಸಿಗುವುದು ಇದೇ ತತ್ವದಿಂದ. ಪ್ಲುಟೋನಿಯಂ ಒಂದು ಕಡೆ ಕಾಯುತ್ತಿರುತ್ತದೆ, ಇನ್ನೊಂದು ಕಡೆ ತಣ್ಣನೆಯ ಆಕಾಶ. ನಮ್ಮ ಊರಿನ ಬಿಸಿಗೆ ಅಷ್ಟೆಲ್ಲ ಬೇಡ. ಬಿಸ್ಮತ್ ಟೆಲ್ಯುರೈಡ್ ಅನ್ನುವ ವಸ್ತು ಸಾಕು. ಕೋಣೆಯ ಬಿಸಿಯ ಆಸುಪಾಸಿನಲ್ಲಿ ಇದರಷ್ಟು ಚೆನ್ನಾಗಿ ಕೆಲಸ ಮಾಡುವ ವಸ್ತು ಬಹಳ ಕಡಿಮೆ. ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 200 ಮೈಕ್ರೋವೋಲ್ಟ್ ಕೊಡುತ್ತದೆ.

ಅಂಗಡಿಯಲ್ಲಿ ರೆಡಿ ಸಿಗುವ ಪೆಲ್ಟಿಯರ್ ಬಿಲ್ಲೆ ಇದೇ ವಸ್ತುವಿನದು. 4 ಸೆಂಟಿಮೀಟರ್ ಚೌಕ, ಒಳಗೆ ಎರಡು ಬಗೆಯ ತುಂಡುಗಳ 127 ಜೋಡಿ. ಆದರೆ ಎರಡೂ ಕಡೆ ಪಿಂಗಾಣಿ ಹಲಗೆ. ಬಗ್ಗಿಸಿದರೆ ಮುರಿಯುತ್ತದೆ. ನಮ್ಮ ಜಿಲ್ಲೆಯಲ್ಲಿ ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳಿವೆ. ಅಲ್ಲಿ ಸುಣ್ಣದ ಕಲ್ಲು ಸುಡುವ ಕಿಲ್ನ್‌ಗಳ ಹೊರಮೈ 200 ಡಿಗ್ರಿ ದಾಟುತ್ತದೆ, ಮತ್ತು ಅದು ದುಂಡಗಿದೆ. ಹೊಗೆ ಕೊಳವೆ ದುಂಡಗಿದೆ. ಮನುಷ್ಯನ ಕೈಯೂ ದುಂಡಗಿದೆ. ಚಪ್ಪಟೆ ಬಿಲ್ಲೆ ಇಂಥದ್ದಕ್ಕೆ ಸರಿಯಾಗಿ ಕೂರುವುದಿಲ್ಲ. ಅದಕ್ಕೇ ಈ ಬಾಗುವ ಪಟ್ಟಿ, ಅದಕ್ಕೇ ಪ್ರಿಂಟಿಂಗ್.

ಈಗ ಅಂಗಡಿಗೆ ಬರುತ್ತೇನೆ.

ನಾವು ತಂದ ಡಬ್ಬಿಯ ಮುಚ್ಚಳ ತೆಗೆದು ಕಾಕಾ ಮೊದಲು ಮೂಸಿ ನೋಡಿದರು. "ಫಿನಾಯಿಲ್ ಹಾಕೀರೇನ್ರಿ?" ಅಂದರು. ಇಂಕು ತೆಳುವಾಗಲು ಟರ್ಪಿನಿಯಾಲ್ ಹಾಕಿದ್ದೆವು. ಅದು ಪೈನ್ ಎಣ್ಣೆಯಲ್ಲೇ ಇರುವ ವಸ್ತು, ಬಿಳಿ ಫಿನಾಯಿಲ್‌ನ ವಾಸನೆ ಬರುವುದು ಸಹಜ. ಆಮೇಲೆ ಒಂದು ಚಮಚ ಎತ್ತಿ ಇಳಿಬಿಟ್ಟರು. "ಜುಣಕದಂಗ ಗಟ್ಟಿ ಅದ. ಇಷ್ಟ್ ಗಟ್ಟಿ ಆದ್ರ ಸ್ಕ್ರೀನ್ ಕೆಳಗ ಇಳಿಯಂಗಿಲ್ರಿ." ಇನ್ನೂ ನಾಲ್ಕು ಹನಿ ಟರ್ಪಿನಿಯಾಲ್ ಬಿತ್ತು. ಮತ್ತೆ ಚಮಚ ಎತ್ತಿದರು. ಇಂಕು ದಾರದಂತೆ ಇಳಿದು, ಕೆಳಗೆ ಬಿದ್ದದ್ದು ಒಂದು ಕ್ಷಣ ಗುಡ್ಡೆಯಾಗಿ ನಿಂತು ನಿಧಾನವಾಗಿ ಚಪ್ಪಟೆಯಾಯಿತು. ಅದೇ ಹದ ಅಂದರು. ನಮ್ಮ ಹುಡುಗರು ವಿಸ್ಕಾಸಿಟಿ, ಅಂದರೆ ಇಂಕಿನ ಈ ಗಟ್ಟಿತನ, ಅಳೆಯಲು ಬೇರೆ ಕಾಲೇಜಿಗೆ ಪತ್ರ ಬರೆದು ಕಾಯುತ್ತಿದ್ದರು. ಪತ್ರಕ್ಕೆ ಉತ್ತರ ಬರುವಷ್ಟರಲ್ಲಿ ಪ್ರಿಂಟ್ ಮುಗಿದಿತ್ತು.

ಸ್ಕ್ರೀನ್ ಬಟ್ಟೆ ಆರಿಸಿದ್ದೂ ಅವರೇ. ಸಣ್ಣ ಗೆರೆ ಬೇಕು ಅಂದರೆ ಸಣ್ಣ ಮೆಶ್, ಅಂದರೆ ಒತ್ತೊತ್ತಾದ ಜಾಲರಿ, ಹಾಕಬೇಕು ಅಂತ ಹುಡುಗರು ಓದಿಕೊಂಡು ಬಂದಿದ್ದರು. ಸೆಂಟಿಮೀಟರಿಗೆ 120 ಎಳೆಯ ಬಟ್ಟೆ ಕೇಳಿದರು. ಕಾಕಾ ತಲೆ ಆಡಿಸಿದರು. ಲಗ್ನಪತ್ರಿಕೆಯ ಮೇಲೆ ಗ್ಲಿಟರ್ ಹೊಡೆಯುವಾಗ ಅಂಥ ಬಟ್ಟೆ ಕಟ್ಟಿಕೊಳ್ಳುತ್ತದಂತೆ, ಕಣಗಳು ಕೆಳಗೆ ಇಳಿಯುವುದೇ ಇಲ್ಲವಂತೆ. "ನಿಮ್ಮದೂ ಗ್ಲಿಟರೇ ಅದ್ರಿ, ಬಣ್ಣ ಇಲ್ಲ ಅಷ್ಟೇ." ಲೆಕ್ಕ ಹಾಕಿ ನೋಡಿದರೆ ಸರಿಯಾಗಿಯೇ ಇದೆ. ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಅಂದರೆ ಒಂದು ಮೈಕ್ರಾನ್. ನಾವು ಅರೆದ ಪುಡಿಯಲ್ಲಿ 20 ಮೈಕ್ರಾನ್‌ವರೆಗಿನ ಕಣಗಳಿದ್ದವು. 120ರ ಬಟ್ಟೆಯ ತೂತು 45 ಮೈಕ್ರಾನ್ ಆಸುಪಾಸು. ಕಣದ ಮೂರು ಪಟ್ಟಾದರೂ ತೂತು ಇರಬೇಕು ಅನ್ನುವುದು ಈ ಕಸುಬಿನ ಲೆಕ್ಕ. ಎರಡು ಕಣ ಅಂಟಿಕೊಂಡರೆ ಮುಗಿಯಿತು. ಕೊನೆಗೆ ಬೇಳೆ ಚೀಲಕ್ಕೆ ಬಳಸುವ 40 ಎಳೆಯ ಬಟ್ಟೆಯಲ್ಲೇ ಹೊಡೆದೆವು. ಇನ್ನೊಂದು ಲಾಭವೂ ಸಿಕ್ಕಿತು. ದೊಡ್ಡ ತೂತಿನಿಂದ ಇಂಕು ಜಾಸ್ತಿ ಇಳಿಯುತ್ತದೆ, ಪದರ ದಪ್ಪವಾಗುತ್ತದೆ. ದಪ್ಪ ಇದ್ದಷ್ಟೂ ರೆಸಿಸ್ಟೆನ್ಸ್, ಅಂದರೆ ಓಮ್ ಲೆಕ್ಕದಲ್ಲಿ ಅಳೆಯುವ ಕರೆಂಟಿನ ಅಡ್ಡಿ, ಕಡಿಮೆ. ಒಣಗಿದ ಮೇಲೆ ನಮಗೆ ಸಿಕ್ಕ ಪದರ ಸುಮಾರು 50 ಮೈಕ್ರಾನ್.

ಸ್ಕ್ರೀನ್ ಎಕ್ಸ್‌ಪೋಸ್ ಮಾಡುವುದನ್ನು, ಅಂದರೆ ಮದ್ದು ಬಳಿದ ಬಟ್ಟೆಗೆ ಬೆಳಕು ಬಿಟ್ಟು ಡಿಸೈನ್ ಮೂಡಿಸುವುದನ್ನು, ನೋಡುವುದೇ ಚಂದ. ಚೀಲದ ದೊಡ್ಡ ಅಕ್ಷರಗಳಿಗೆ ಅವರು ಸುಮ್ನೆ ಬಿಸಿಲಿಗೆ ಹಿಡಿಯುತ್ತಾರೆ. ಕಲಬುರಗಿ ಬಿಸಿಲು ಪುಕ್ಕಟೆ ಅಲ್ವಾ. ನಮ್ಮ ಡಿಸೈನ್‌ನಲ್ಲಿ ಎರಡು ಪಟ್ಟೆಗಳ ನಡುವೆ 1 ಮಿಲಿಮೀಟರ್ ಜಾಗ ಮಾತ್ರ. ಅದಕ್ಕೆ ಬಿಸಿಲು ನಂಬಲಿಲ್ಲ. ಒಳಗೆ ಟ್ಯೂಬ್‌ಲೈಟ್ ಹಾಕಿದ ಮರದ ಪೆಟ್ಟಿಗೆ ಇದೆ, ಅದರ ಮೇಲೆ ಗಾಜು, ಗಾಜಿನ ಮೇಲೆ ಪಾಸಿಟಿವ್ (ಡಿಸೈನ್ ಇರುವ ಪಾರದರ್ಶಕ ಹಾಳೆ), ಅದರ ಮೇಲೆ ಸ್ಕ್ರೀನ್, ಸ್ಕ್ರೀನ್ ಮೇಲೆ ಸ್ಪಂಜು, ಸ್ಪಂಜಿನ ಮೇಲೆ ಹಳೆಯ ತೂಕದ ಕಲ್ಲು. ಅಂಚುಗಳು ಎಷ್ಟು ಚೊಕ್ಕಟವಾಗಿ ಬಂದವೆಂದರೆ, ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ ನೋಡಿದಾಗಲೂ ಬೈಯುವುದಕ್ಕೆ ಏನೂ ಸಿಗಲಿಲ್ಲ.

ಪ್ರಿಂಟ್ ಆಗುವುದು ಕಾಗದದ ಮೇಲಲ್ಲ, ಕ್ಯಾಪ್ಟಾನ್ ಹಾಳೆಯ ಮೇಲೆ. ಬಂಗಾರದ ಬಣ್ಣದ ಪ್ಲಾಸ್ಟಿಕ್, ಬಿಸಿ ಚೆನ್ನಾಗಿ ತಡೆಯುತ್ತದೆ. ಆದರೆ ಜಾರುತ್ತದೆ, ಸುರುಳಿಯಾಗುತ್ತದೆ, ಧೂಳು ಎಳೆದುಕೊಳ್ಳುತ್ತದೆ. ಮೂರು ಸಲ ಹೊಡೆಯಬೇಕು. ಪಿ ಬಗೆಯ ಇಂಕು ಒಮ್ಮೆ, ಎನ್ ಬಗೆಯದು ಒಮ್ಮೆ, ಇವೆರಡರ ತುದಿಗಳನ್ನು ಜೋಡಿಸುವ ಬೆಳ್ಳಿ ಪೇಸ್ಟ್ ಒಮ್ಮೆ. ಬಿಸಿ ತಾಗಿದಾಗ ಇವೆರಡರ ವೋಲ್ಟೇಜ್ ಒಂದಕ್ಕೊಂದು ಎದುರು ದಿಕ್ಕಿನದು. ಪಿ ಅಂದರೆ ಬಿಸ್ಮತ್ತಿನ ಜೊತೆ ಆಂಟಿಮನಿ ಸೇರಿದ್ದು, ಎನ್ ಅಂದರೆ ಸ್ವಲ್ಪ ಸೆಲೆನಿಯಂ ಸೇರಿದ್ದು. ಕಾಕಾಗೆ ಇದು ಮೂರು ಕಲರ್ ಕೆಲಸ, ಅಷ್ಟೇ. ಟೇಬಲ್ ಮೂಲೆಗೆ ದಪ್ಪ ಕಾರ್ಡಿನ ತುಂಡುಗಳನ್ನು ಅಂಟಿಸಿ, ಹಾಳೆಯನ್ನು ಅದಕ್ಕೆ ತಾಗಿಸಿ ಕೂರಿಸಿದರು. ಸ್ಕ್ವೀಜಿ (ಇಂಕು ಒತ್ತುವ ರಬ್ಬರ್ ಅಂಚಿನ ಹಿಡಿ) ಎಳೆಯುವಾಗ ಮೊಣಕೈ ಮಡಚಲಿಲ್ಲ, ಸೊಂಟದಿಂದ ಹಿಂದಕ್ಕೆ ಬಂದರು. ಒಂದೇ ಎಳೆತ, ನಡುವೆ ನಿಲ್ಲಿಸಲಿಲ್ಲ. ಅದೇ ಸ್ಕ್ರೀನಿನಲ್ಲಿ ನಮ್ಮ ಹುಡುಗ ಎಳೆದಾಗ ಪಟ್ಟೆಯ ಶುರುವಿನಲ್ಲಿ ದಪ್ಪ, ಕೊನೆಯಲ್ಲಿ ತೆಳು. ಎಲ್ಲಾ ಮುಗಿದ ಮೇಲೆ ರೆಸಿಸ್ಟೆನ್ಸ್ ಅಳೆದರೆ ಒಂದು ಪಟ್ಟೆ (ಇದಕ್ಕೆ ನಾವು ಕಾಲು ಅಂತೀವಿ) 10 ಓಮ್, ಪಕ್ಕದ್ದು 19. ಕಾಕಾ ಹೊಡೆದ ಪಟ್ಟಿಯಲ್ಲಿ ಒಂದು ಕಾಲಿಗೂ ಇನ್ನೊಂದಕ್ಕೂ ಒಂದೆರಡು ಓಮ್ ವ್ಯತ್ಯಾಸ.

ಆದರೆ ಈ ಅಂಗಡಿಗೆ ನಾನು ಸ್ಟಾರ್ ಕೊಡುವುದು ಮುಖ್ಯವಾಗಿ ಟೀ ಶರ್ಟ್ ಒತ್ತುವ ಮೆಷಿನ್‌ಗೆ.

ಪ್ರಿಂಟ್ ಮಾಡಿದ ಇಂಕಿನ ದೊಡ್ಡ ಸಮಸ್ಯೆ ಏನೆಂದರೆ ಅದರಲ್ಲಿ ಅಂಟು ಇರುತ್ತದೆ. ಅಂಟು ಇಲ್ಲದಿದ್ದರೆ ಪುಡಿ ಉದುರುತ್ತದೆ. ಅಂಟು ಜಾಸ್ತಿಯಾದರೆ ಕಣ ಕಣಕ್ಕೆ ತಾಗುವುದಿಲ್ಲ, ಕರೆಂಟ್ ಹರಿಯುವುದಿಲ್ಲ. ನಮ್ಮ ಪಟ್ಟಿಯಲ್ಲಿ 8 ಜೋಡಿ, ಅಂದರೆ 16 ಕಾಲು. ಒಂದೊಂದು 20 ಮಿಲಿಮೀಟರ್ ಉದ್ದ, 4 ಅಗಲ. ಸುಮ್ನೆ ಒಲೆಯಲ್ಲಿ ಒಣಗಿಸಿದಾಗ ಪಟ್ಟಿಯ ಒಟ್ಟು ರೆಸಿಸ್ಟೆನ್ಸ್ 900 ಓಮ್ ಹತ್ತಿರ ಇತ್ತು. ಒತ್ತಡ ಕೊಟ್ಟರೆ ಕಣಗಳು ಹತ್ತಿರ ಬರುತ್ತವೆ ಅಂತ ಗೊತ್ತು, ಆದರೆ ಬಿಸಿಯಾಗಿ ಒತ್ತುವ ಪ್ರೆಸ್ ನಮ್ಮ ಕಾಲೇಜಿನಲ್ಲಿಲ್ಲ. ಕಾಕಾರ ಅಂಗಡಿಯಲ್ಲಿದೆ. ಟೀ ಶರ್ಟಿನ ಮೇಲೆ ಫೋಟೋ ಅಂಟಿಸುವ ಹೀಟ್ ಪ್ರೆಸ್, 200 ಡಿಗ್ರಿವರೆಗೆ ಹೋಗುತ್ತದೆ. ಮೇಲೆ ಟೆಫ್ಲಾನ್ ಹಾಳೆ ಹಾಕಿ, ಪಟ್ಟಿ ಇಟ್ಟು, ಹಿಡಿ ಕೆಳಗೆ ಎಳೆದರು. ತೆಗೆದಾಗ ಬೂದು ಬಣ್ಣದ ಪಟ್ಟೆಗಳು ಹೊಳೆಯುತ್ತಿದ್ದವು. ಕಾಲೇಜಿಗೆ ಬಂದು ಆರ್ಗಾನ್ ಗ್ಯಾಸ್ ಬಿಟ್ಟು ಫರ್ನೇಸ್‌ನಲ್ಲಿ ಮತ್ತೊಮ್ಮೆ ಕಾಯಿಸಿದೆವು. ಬರೀ ಗಾಳಿಯಲ್ಲಿ ಜೋರಾಗಿ ಕಾಯಿಸಿದರೆ ಈ ವಸ್ತು ಆಕ್ಸೈಡ್ ಆಗಿಬಿಡುತ್ತದೆ. ಕೊನೆಗೆ 210 ಓಮ್. 900ರಿಂದ 210! ಒತ್ತಿದ್ದಕ್ಕೆ ಕಾಕಾ ತಗೊಂಡದ್ದು ಒಂದು ಟೀ ಶರ್ಟಿನ ರೇಟು.

ಪಟ್ಟಿ ಎಷ್ಟು ಕರೆಂಟ್ ಕೊಡುತ್ತದೆ ಅಂತ ಕೇಳುವವರಿಗೆ ಮೊದಲೇ ಹೇಳುತ್ತೇನೆ, ಬಲ್ಬ್ ಹತ್ತುವುದಿಲ್ಲ. ಫೋನ್ ಚಾರ್ಜ್ ಅಂತೂ ಮರೆತುಬಿಡಿ. ಲ್ಯಾಬಿನ ಮಾಳಿಗೆಯ ಮೇಲೆ ಮಧ್ಯಾಹ್ನ ಕಾದ ತಗಡಿಗೆ ಪಟ್ಟಿಯ ಒಂದು ಅಂಚು ತಾಗಿಸಿದೆವು. ಇನ್ನೊಂದು ಅಂಚು ಮಣ್ಣಿನ ಮಡಿಕೆಯ ಒದ್ದೆ ಮೈಗೆ. ನಡುವಿನ ವ್ಯತ್ಯಾಸ 30 ಡಿಗ್ರಿ. ಮೀಟರ್ 62 ಮಿಲಿವೋಲ್ಟ್ ತೋರಿಸಿತು. ಪಟ್ಟಿಯ ರೆಸಿಸ್ಟೆನ್ಸಿನಷ್ಟೇ ಲೋಡ್ (ಕರೆಂಟ್ ಎಳೆದುಕೊಳ್ಳುವ ಭಾರ) ಹಾಕಿದಾಗ ಹೆಚ್ಚೆಂದರೆ ನಾಲ್ಕೂವರೆ ಮೈಕ್ರೋವ್ಯಾಟ್. ಮುಳ್ಳಿನ ಕೈಗಡಿಯಾರಕ್ಕೆ ಒಂದೆರಡು ಮೈಕ್ರೋವ್ಯಾಟ್ ಸಾಕಾಗುತ್ತದೆ, ಲೆಕ್ಕದಲ್ಲಿ ಅದು ನಡೆಯಬೇಕು. ಆದರೆ ಗಡಿಯಾರಕ್ಕೆ ಒಂದೂವರೆ ವೋಲ್ಟ್ ಬೇಕು, ನಮ್ಮಲ್ಲಿರುವುದು ಅದರ ಇಪ್ಪತ್ತರಲ್ಲಿ ಒಂದು ಪಾಲೂ ಅಲ್ಲ. 20 ಮಿಲಿವೋಲ್ಟ್‌ನಿಂದಲೇ ವೋಲ್ಟೇಜ್ ಏರಿಸುವ ಚಿಪ್‌ಗಳಿವೆ. ತರಿಸಿ ಹಾಕಿದೆವು. ಆ ಚಿಪ್‌ನ ಕರೆಂಟ್ ಒಳಗೆ ಹೋಗುವ ಬಾಯಿ ಕೆಲವೇ ಓಮ್‌ನದು, ನಮ್ಮ ಪಟ್ಟಿ 210 ಓಮ್. ಜೋಡಿಸಿದ ಕೂಡಲೇ ವೋಲ್ಟೇಜ್ ಕುಸಿದು ಕೂತುಬಿಟ್ಟಿತು. ಅದೇ ವ್ಯತ್ಯಾಸದಲ್ಲಿ ಪಿಂಗಾಣಿಯ ಪೆಲ್ಟಿಯರ್ ಬಿಲ್ಲೆ ಒಂದು ವೋಲ್ಟ್ ದಾಟುತ್ತದೆ, ಅದರ ರೆಸಿಸ್ಟೆನ್ಸ್ ಎರಡು ಓಮ್ ಆಸುಪಾಸು. ಬರೀ ಕರೆಂಟ್ ಬೇಕಾದವರು ಆ ಬಿಲ್ಲೆ ತಗೊಳ್ಳಿ.

ಕಾಕಾ ಇದನ್ನು ನೋಡಿ "ಇಷ್ಟ್ ಮಾಡಿ ಬಲ್ಬ್ ಹತ್ತಂಗಿಲ್ಲಂದ್ರ ಇದು ಯಾತಕ್ಕ ಬೇಕ್ರಿ?" ಅಂತ ಕೇಳಿದರು. ಪ್ರಾಜೆಕ್ಟ್ ನೋಡಲು ಬಂದ ಎಕ್ಸಾಮಿನರ್ ಕೂಡ ಅದನ್ನೇ ಕೇಳಿದರು, ಇಂಗ್ಲಿಷಿನಲ್ಲಿ. ಇಂಥ ಪಟ್ಟಿಗಳ ಗುರಿ ಬಲ್ಬ್ ಅಲ್ಲ. ಬ್ಯಾಟರಿ ಬದಲಿಸಲು ಆಗದ ಜಾಗದಲ್ಲಿ ಕೂತು ಆಗೊಮ್ಮೆ ಈಗೊಮ್ಮೆ ಬಿಸಿ ಎಷ್ಟಿದೆ ಅಂತ ಸುದ್ದಿ ಕಳಿಸುವ ಸಣ್ಣ ಸೆನ್ಸರ್. ಅದಕ್ಕೆ ನೂರಾರು ಜೋಡಿ ಬೇಕು, ಮತ್ತು ನೂರಾರು ಜೋಡಿಯನ್ನು ಒಂದೊಂದಾಗಿ ಕೈಯಿಂದ ಬೆಸುಗೆ ಹಾಕುವುದಕ್ಕಿಂತ ಒಂದೇ ಎಳೆತದಲ್ಲಿ ಹೊಡೆಯುವುದು ಅಗ್ಗ. ಚೀಲಕ್ಕೂ ಅದೇ ಲೆಕ್ಕ ತಾನೇ ಅಂದೆ. ಒಪ್ಪಿದರೋ ಇಲ್ಲವೋ, ಚಹಾ ಮಾತ್ರ ತರಿಸಿದರು.

ಕೈಗೆ ಕಟ್ಟಿಕೊಂಡರೆ ಏನಾಗುತ್ತದೆ ಅಂತ ಹುಡುಗರಿಗೆ ಆಸೆ. ಮೈ ಬಿಸಿಯಿಂದ ನಡೆಯುವ ಕೈಗಡಿಯಾರವನ್ನು ಸೀಕೋ ಕಂಪನಿ 1998ರಲ್ಲೇ ತಂದಿತ್ತು. ಅದು ತಣ್ಣನೆಯ ದೇಶದ ಯೋಚನೆ. ಕೈಯ ಚರ್ಮ 33 ಡಿಗ್ರಿ, ಹೊರಗಿನ ಗಾಳಿ 20 ಇದ್ದರೆ ವ್ಯತ್ಯಾಸ ಸಿಗುತ್ತದೆ. ನಮ್ಮಲ್ಲಿ ಮೇ ತಿಂಗಳು ಗಾಳಿಯೇ 42. ಪಟ್ಟಿಯ ಒಂದು ಅಂಚು ಕೈಗೆ ತಾಗಿಸಿ ಇನ್ನೊಂದನ್ನು ಹೊರಗೆ ಬಿಟ್ಟಾಗ ಮೀಟರಿನಲ್ಲಿ ಮೈನಸ್ ಬಂತು. ಮೈಯೇ ತಣ್ಣನೆಯ ಕಡೆ ಆಗಿತ್ತು! ಲ್ಯಾಬಿನಲ್ಲಿ ಏಸಿ ಹಾಕಿದ ಮೇಲೆ ಪ್ಲಸ್ ಆಯಿತು. ಸಂಜೆ ಹೊತ್ತಿಗೆ ನಡುವೆ ಎಲ್ಲೋ ಸೊನ್ನೆ. ಇದನ್ನು ಪ್ರಬಂಧಗಳಲ್ಲಿ ಎಲ್ಲೂ ಒತ್ತಿ ಹೇಳಿರುವುದು ನಾನು ನೋಡಿಲ್ಲ, ಕಲಬುರಗಿಯವರು ಬರೆದಿದ್ದರೆ ಮೊದಲ ಪುಟದಲ್ಲೇ ಇರುತ್ತಿತ್ತು.

ಬಾಗುವ ವಿಷಯ. ಒಂದೂವರೆ ಇಂಚಿನ ಪಿವಿಸಿ ಪೈಪಿಗೆ ಸುತ್ತಿ ಬಿಚ್ಚಿದರೆ ರೆಸಿಸ್ಟೆನ್ಸ್ ಹೆಚ್ಚುಕಡಿಮೆ ಹಾಗೇ ಉಳಿಯಿತು. ಪೆನ್ನಿಗೆ ಸುತ್ತಿದಾಗ ಬೆಳ್ಳಿಯ ಜೋಡಣೆಯ ಹತ್ತಿರ ಕೂದಲಿನಂಥ ಬಿರುಕು ಬಂತು. ಪ್ರಿಂಟಿನ ದೋಷ ಅಲ್ಲ, ಈ ವಸ್ತುವೇ ಹಾಗೆ. ಬಾಗುವುದು ಪ್ಲಾಸ್ಟಿಕ್ ಮತ್ತು ಅಂಟು, ಬಿಸ್ಮತ್ ಟೆಲ್ಯುರೈಡ್ ಅಲ್ಲ.

ಈಗ ಕಳೆದುಕೊಂಡ ಸ್ಟಾರಿನ ಲೆಕ್ಕ. ಒಂದು, ತಡ. ಲಗ್ನದ ಸೀಸನ್‌ನಲ್ಲಿ "ನಾಳಿ ಬರ್ರಿ" ಅನ್ನುವ ಮಾತು ಕೇಳಿ ಕೇಳಿ ಸಾಕಾಗುತ್ತದೆ. ಫೋನ್ ಎತ್ತುವುದಿಲ್ಲ, ಎತ್ತಿದರೆ ಪ್ರೆಸ್ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ. ಎರಡು, ಸ್ಕ್ವೀಜಿ. ಮೊದಲ ಹಾಳೆಗೆ ಅವರು ತಂದ ಸ್ಕ್ವೀಜಿಯ ರಬ್ಬರ್ ಅಂಚಿನಲ್ಲಿ ಲಗ್ನಪತ್ರಿಕೆಯ ಬಂಗಾರದ ಇಂಕು ಉಳಿದಿತ್ತು. ಆ ಬಂಗಾರದ ಇಂಕು ಅಂದರೆ ತಾಮ್ರ ಸತುವಿನ ಪುಡಿ. ಬಿಸ್ಮತ್ ಟೆಲ್ಯುರೈಡಿಗೆ ಚೂರೇ ಚೂರು ತಾಮ್ರ ಸೇರಿದರೂ ಅದರ ಗುಣ ಬದಲಾಗುತ್ತದೆ. ಆ ಹಾಳೆ ಕಸಕ್ಕೆ ಹೋಯಿತು, ಅದರ ಜೊತೆ ನಮ್ಮ ದುಬಾರಿ ಪುಡಿಯೂ. ಆಮೇಲೆ ನಮ್ಮ ಕೆಲಸಕ್ಕೆ ಅಂತಲೇ ಬೇರೆ ಸ್ಕ್ವೀಜಿಗಳನ್ನು ತೆಗೆದಿಟ್ಟರು, ಆದರೆ ಮೊದಲೇ ತೊಳೆದಿಡಬಹುದಿತ್ತು. ಮೂರು, ಬಿಲ್. ಜಿಎಸ್‌ಟಿ ಬಿಲ್ ಕೇಳಿದರೆ ಲಗ್ನಪತ್ರಿಕೆ ಅಂತ ಬರೆದು ಕೊಟ್ಟರು. ಕಾಲೇಜಿನ ಅಕೌಂಟ್ಸ್ ಸೆಕ್ಷನ್‌ನವರು ಯಾರ ಲಗ್ನ ಅಂತ ಕೇಳಿದರು. ತಿದ್ದಿಸಿಕೊಂಡು ಬರುವಷ್ಟರಲ್ಲಿ ನನಗೂ ನಗು ಬಂತು, ಸಿಟ್ಟೂ ಬಂತು.

ರೇಟು ನ್ಯಾಯವಾಗಿದೆ. ಸ್ಕ್ರೀನ್ ಒಂದಕ್ಕೆ 350 ರೂಪಾಯಿ, ಹೊಡೆಯುವ ಕೂಲಿ ಬೇರೆ. ಸ್ಕ್ರೀನ್ ನಮಗೇ ಕೊಟ್ಟುಬಿಡುತ್ತಾರೆ. ಪುಡಿ ಮತ್ತು ಬೆಳ್ಳಿ ಪೇಸ್ಟಿನ ದುಡ್ಡಿನ ಮುಂದೆ ಅಂಗಡಿಯ ಖರ್ಚು ಏನೂ ಅಲ್ಲ.

ಹೋಗುವವರಿಗೆ ಒಂದು ಮಾತು. ಪುಡಿಯನ್ನು ಇಂಕು ಮಾಡಿಯೇ ತಗೊಂಡು ಹೋಗಿ, ಅಂಗಡಿಯಲ್ಲಿ ಒಣ ಪುಡಿ ತೆರೆಯಬೇಡಿ. ಅಲ್ಲಿ ಫ್ಯಾನ್ ಸದಾ ತಿರುಗುತ್ತಿರುತ್ತದೆ, ಪಕ್ಕದಲ್ಲೇ ಅವರ ಮಗ ಊಟದ ಡಬ್ಬಿ ಬಿಚ್ಚುತ್ತಾನೆ. ಈ ಪುಡಿಯಲ್ಲಿರುವ ಟೆಲ್ಯುರಿಯಂ ಮೈಗೆ ಹೋದರೆ ಉಸಿರು ಬೆಳ್ಳುಳ್ಳಿ ವಾಸನೆ ಹೊಡೆಯುತ್ತದೆ, ಬೇಗ ಹೋಗುವುದೂ ಇಲ್ಲ. ಗ್ಲೌಸ್, ಮಾಸ್ಕ್ ಅವರಿಗೂ ಸೇರಿಸಿ ಒಯ್ಯಿರಿ. ಸ್ಕ್ರೀನ್ ತೊಳೆದ ಥಿನ್ನರ್ ಮತ್ತು ಒರೆಸಿದ ಬಟ್ಟೆಯನ್ನು ಅವರ ಮೋರಿಗೆ ಬಿಡದೆ ಡಬ್ಬಿಯಲ್ಲಿ ತುಂಬಿಕೊಂಡು ವಾಪಸ್ ತನ್ನಿ. ಲಗ್ನಗಳು ಮುಗಿದ ಆಷಾಢದಲ್ಲಿ ಹೋದರೆ ಕಾಕಾ ನಿಮಗೇ ಸಿಗುತ್ತಾರೆ, ಹದ ನೋಡಿ ಹೇಳುವಷ್ಟು ಪುರುಸೊತ್ತೂ ಇರುತ್ತದೆ. ಮುಂದಿನ ಬ್ಯಾಚಿನ ಹುಡುಗರು ಟೆಲ್ಯುರಿಯಂ ಇಲ್ಲದ ಸಿಲ್ವರ್ ಸೆಲೆನೈಡ್ ಇಂಕು ಮಾಡುತ್ತಿದ್ದಾರೆ, ಆಷಾಢಕ್ಕೆ ಅಂತ ಈಗಲೇ ಹೇಳಿಟ್ಟಿದ್ದೇನೆ.